ರಕ್ತನಾಳದಲ್ಲಿ ಈಸ್ಟ್ರೋಜನ್‌ನ ತ್ವರಿತ ಕ್ರಿಯೆ

ಸ್ಟೀರಾಯಿಡ್ ಹಾರ್ಮೋನುಗಳು ಕೊಬ್ಬಿನಲ್ಲಿ ಕರಗಬಲ್ಲವು. ಆದುದರಿಂದ ಕೋಶಪೊರೆಯನ್ನು ಸುಲಭವಾಗಿ ದಾಟಿ, ಒಳಗಿರುವ ಗ್ರಾಹಕ ಪ್ರೋಟೀನುಗಳೊಡನೆ ಕೂಡಿ, ಕೋಶಕೇಂದ್ರದಲ್ಲಿನ ನಿರ್ದಿಷ್ಟ ವಂಶವಾಹಿಗಳನ್ನು ಚೋದಿಸುತ್ತವೆ ಅಥವಾ ತಡೆಯುತ್ತವೆ. ಹೀಗೆ ಹೊಸ ಪ್ರೋಟೀನು ತಯಾರಾಗಿ ಪರಿಣಾಮ ತೋರಲು ಗಂಟೆಗಳೇ ಹಿಡಿಯುತ್ತವೆ. ಪಠ್ಯಪುಸ್ತಕಗಳ ಈ ವಿವರಣೆ ತಪ್ಪಲ್ಲ, ಅಪೂರ್ಣ.

1967ರಲ್ಲಿ ಕ್ಲಾರಾ ಸೆಗೊ ಮತ್ತು ಜೂನ್ ಡೇವಿಸ್ ಅಂಡಾಶಯ ತೆಗೆದ ಇಲಿಗಳಿಗೆ ಎಸ್ಟ್ರಾಡಯಾಲ್ ನೀಡಿದಾಗ, ಗರ್ಭಕೋಶದಲ್ಲಿ ಸೈಕ್ಲಿಕ್ ಎಎಂಪಿಯ ಪ್ರಮಾಣ 15 ಸೆಕೆಂಡುಗಳಲ್ಲಿಯೇ ಏರಿತು. ವಂಶವಾಹಿಯ ನಕಲು ತಯಾರಾಗಿ ಪ್ರೋಟೀನು ರೂಪುಗೊಳ್ಳಲು ಈ ಅವಧಿ ಎಲ್ಲಿಯೂ ಸಾಲದು. ಆದರೂ ಇಂತಹ ಫಲಿತಾಂಶಗಳನ್ನು ವಿಜ್ಞಾನಲೋಕ ಬಹುಕಾಲ ಸಂದೇಹದಿಂದಲೇ ಕಂಡಿತು.

ಈ ಕ್ರಿಯೆಯ ವಿಧಾನ ಸ್ಪಷ್ಟಗೊಂಡುದು ರಕ್ತನಾಳದ ಒಳಸ್ತರದ ಅಧ್ಯಯನಗಳಿಂದ. ಅಲ್ಲಿನ ಜೀವಕೋಶಗಳ ಪೊರೆಯಲ್ಲಿ ಕೇವಿಯೋಲಾ ಎಂಬ ಹೂಜಿಯಾಕಾರದ ಸೂಕ್ಷ್ಮ ಕುಳಿಗಳಿವೆ. ನೈಟ್ರಿಕ್ ಆಕ್ಸೈಡನ್ನು ತಯಾರಿಸುವ ಕಿಣ್ವ ನೆಲೆಸಿರುವುದು ಇಲ್ಲಿಯೇ. ಈಸ್ಟ್ರೋಜನ್ನಿನ ಆಲ್ಫಾ ಗ್ರಾಹಕದ ಒಂದು ಸಣ್ಣ ಪಾಲೂ ಇಲ್ಲಿ ಸೇರಿಕೊಂಡಿರುತ್ತದೆ. ಇದು ಬೇರೆ ಪ್ರೋಟೀನಲ್ಲ. ಕೋಶಕೇಂದ್ರದಲ್ಲಿರುವ ಗ್ರಾಹಕಕ್ಕೇ ಪಾಮಿಟಿಕ್ ಆಮ್ಲದ ಬಾಲವೊಂದು ಜೋಡಣೆಯಾಗಿ ಪೊರೆಗೆ ಅಂಟಿಕೊಂಡ ರೂಪ. ಹಾರ್ಮೋನು ಬಂದು ಕೂಡಿದೊಡನೆ ಗ್ರಾಹಕವು ಪಿಐ3 ಕೈನೇಸ್ ಕಿಣ್ವದ ಪಿ85 ಆಲ್ಫಾ ಭಾಗವನ್ನು ಹಿಡಿಯುತ್ತದೆ. ಇದನ್ನು 2000ದಲ್ಲಿ ಸಿಮೊನ್ಚಿನಿ ಮತ್ತು ಸಂಗಡಿಗರು ತೋರಿಸಿದರು. ಅನಂತರ ಆಕ್ಟ್ ಎಂಬ ಕಿಣ್ವದ ಮೂಲಕ ನೈಟ್ರಿಕ್ ಆಕ್ಸೈಡಿನ ಉತ್ಪಾದನೆ ಹೆಚ್ಚುತ್ತದೆ, ನಯಸ್ನಾಯು ಸಡಿಲಗೊಂಡು ನಾಳ ಹಿಗ್ಗುತ್ತದೆ. ವಂಶವಾಹಿಯ ನಕಲನ್ನು ತಡೆಯುವ ಆಕ್ಟಿನೋಮೈಸಿನ್ ಡಿ ಬಳಸಿದರೂ ಕಿಣ್ವದ ಈ ಚುರುಕು ನಿಲ್ಲದು. ಆಲ್ಡೋಸ್ಟೆರೋನ್ ಕೂಡ ನಾಳದ ಸ್ನಾಯುಕೋಶಗಳಲ್ಲಿ ಕ್ಯಾಲ್ಸಿಯಂ ಪ್ರಮಾಣವನ್ನು ನಿಮಿಷಗಳಲ್ಲಿ ಏರಿಸುತ್ತದೆ. ಆದರೆ 'ವಂಶವಾಹಿಯೇತರ' ಎಂಬ ಹೆಸರನ್ನು ಎಚ್ಚರದಿಂದ ಬಳಸಬೇಕು. ಪೊರೆಯಲ್ಲಿ ಹುಟ್ಟಿದ ಸಂಕೇತ ಕೊನೆಗೆ ವಂಶವಾಹಿಗಳನ್ನೂ ಮುಟ್ಟುವುದುಂಟು.

ಈ ವಿಚಾರಕ್ಕೆ ಚಿಕಿತ್ಸೆಯ ಮಹತ್ವವೂ ಇದೆ. ಋತುಬಂಧದ ಅನಂತರ ಹೊರಗಿನಿಂದ ಹಾರ್ಮೋನು ನೀಡಿದರೆ ಹೃದಯಕ್ಕೆ ರಕ್ಷಣೆ ದೊರೆತೀತೆಂಬ ನಿರೀಕ್ಷೆ ಬಹುಕಾಲ ಇತ್ತು. ಅಮೆರಿಕದಲ್ಲಿ 16,608 ಮಹಿಳೆಯರಿಗೆ ಈಸ್ಟ್ರೋಜನ್ ಹಾಗೂ ಪ್ರೊಜೆಸ್ಟಿನ್ ಜೋಡಿಯನ್ನೋ ಹುಸಿಮಾತ್ರೆಯನ್ನೋ ನೀಡಿದ ಪ್ರಯೋಗವನ್ನು 2002ರಲ್ಲಿ ಅವಧಿಗೆ ಮುನ್ನವೇ ನಿಲ್ಲಿಸಬೇಕಾಯಿತು. ಹಾರ್ಮೋನು ಪಡೆದವರಲ್ಲಿ ಹೃದಯಾಘಾತ, ಪಾರ್ಶ್ವವಾಯು, ಸ್ತನ ಕ್ಯಾನ್ಸರ್ ಪ್ರಕರಣಗಳು ಹೆಚ್ಚಿದ್ದವು. ಹಾಗಾದರೆ ನಾಳಕ್ಕೆ ಹಿತವಾದ ಕ್ರಿಯೆಯನ್ನಷ್ಟೇ ಬೇರ್ಪಡಿಸಲಾದೀತೆ?

ಕೋಶಕೇಂದ್ರವನ್ನು ಹೊಗದಂತೆ ದೊಡ್ಡ ಅಣುವೊಂದಕ್ಕೆ ಕಟ್ಟಿದ ಈಸ್ಟ್ರೋಜನ್, 2010ರ ವರದಿಯಂತೆ, ಇಲಿಮರಿಗಳಲ್ಲಲ್ಲ, ಬೆಳೆದ ಚಿಟ್ಟಿಲಿಗಳಲ್ಲಿ ಗಾಯಗೊಂಡ ನಾಳದ ಒಳಸ್ತರವನ್ನು ದುರಸ್ತಿಗೊಳಿಸಿತು. ಗರ್ಭಕೋಶವನ್ನಾಗಲಿ ಸ್ತನದ ಗಡ್ಡೆಯನ್ನಾಗಲಿ ಬೆಳೆಸಲಿಲ್ಲ. 2014ರಲ್ಲಿ ಗ್ರಾಹಕವು ಪೊರೆಗೆ ಅಂಟದಂತೆ ಮಾರ್ಪಡಿಸಿದ ಚಿಟ್ಟಿಲಿಗಳಲ್ಲಿ ಆ ದುರಸ್ತಿ ನಡೆಯಲಿಲ್ಲ, ಹೆಣ್ಣುಗಳು ಬಂಜೆಯಾದವು. ಆದರೆ ಧಮನಿಯೊಳಗೆ ಕೊಬ್ಬು ಕಟ್ಟುವುದನ್ನು ತಡೆಯುವ ಗುಣ ಮುಖ್ಯವಾಗಿ ಕೋಶಕೇಂದ್ರದ ಗ್ರಾಹಕದ್ದೇ ಎಂದು 2018ರ ಚಿಟ್ಟಿಲಿ ಪ್ರಯೋಗಗಳು ತಿಳಿಸಿದವು.