ಮೇಷ್ಟ್ರ ಕಡತವೂ ಗಣಕದ ಲಿಪಿಯೂ

ಗಣಕಯಂತ್ರವನ್ನು ಅರಿಯಬೇಕೆನ್ನುವ ವಿದ್ಯಾರ್ಥಿಗಳು ಸಾಮಾನ್ಯವಾಗಿ ಪುಸ್ತಕವನ್ನು ಹಿಡಿಯುತ್ತಾರೆ. ಅದು ಸರಿಯೆ. ಆದರೆ ಪುಸ್ತಕವು ತಾನು ಆರಿಸಿಕೊಂಡ ಪ್ರಶ್ನೆಗಳಿಗೆ ಮಾತ್ರ ಉತ್ತರ ಹೇಳುತ್ತದೆ. ನಮ್ಮ ಸ್ವಂತ ಯಂತ್ರವಾದರೋ ದಿನವೂ ನಾವು ಹೇಳುವ ನಾಲ್ಕಾರು ಕೆಲಸಗಳನ್ನು ಮಾಡುತ್ತ, ಉಳಿದುದನ್ನು ನಮ್ಮ ಕಣ್ಣಿಗೆ ಬೀಳದಂತೆ ಇಟ್ಟಿರುತ್ತದೆ. ನೆರೆಯವರು 'ಇದೇಕೆ ಹೀಗಾಯಿತು?' ಎಂದು ಕೇಳಿಕೊಂಡು ಬಂದಾಗಲೇ ಅದರ ಒಳಮನೆಯನ್ನು ಇಣುಕಿ ನೋಡುವ ಪ್ರಸಂಗ ಒದಗುವುದು. ಅಂತಹ ಒಂದು ಪ್ರಸಂಗದಿಂದ, ಗಣಕವು ಕನ್ನಡವನ್ನು ಹೇಗೆ ನೆನಪಿಟ್ಟುಕೊಳ್ಳುತ್ತದೆಂಬುದು ನಮಗೆ ತಿಳಿಯಿತು.

ನಮ್ಮ ಬೀದಿಯ ನಿವೃತ್ತ ಉಪಾಧ್ಯಾಯರೊಬ್ಬರು ಒಂದು ಸಂಜೆ ಪೆನ್ ಡ್ರೈವ್ ಹಿಡಿದುಕೊಂಡು ಬಂದರು. ತಮ್ಮ ತಾಯಿ ಹಾಡುತ್ತಿದ್ದ ಸೋಬಾನೆ ಪದಗಳನ್ನು ಇಪ್ಪತ್ತು ವರ್ಷಗಳ ಹಿಂದೆ ಅವರು ತಾವೇ ಕುಳಿತು ಗಣಕದಲ್ಲಿ ಬೆರಳಚ್ಚು ಮಾಡಿದ್ದರು. ತಾಯಿ ಈಗಿಲ್ಲ, ಕೈಬರಹದ ಪುಸ್ತಕ ಗೆದ್ದಲಿನ ಪಾಲಾಗಿತ್ತು. ಮೊಮ್ಮಗಳ ಹೊಸ ಗಣಕದಲ್ಲಿ ಆ ಕಡತವನ್ನು ತೆರೆದರೆ ಕನ್ನಡದ ಒಂದಕ್ಷರವೂ ಇಲ್ಲ! ರೋಮನ್ ಅಕ್ಷರಗಳು, ತಲೆಯ ಮೇಲೆ ಗೀಟು ಚುಕ್ಕೆಗಳನ್ನು ಹೊತ್ತ ಐರೋಪ್ಯ ಅಕ್ಷರಗಳು, ಮಧ್ಯೆ ಮಧ್ಯೆ ಪೌಂಡು ನಾಣ್ಯದ ಗುರುತು.

“ನೋಡಪ್ಪ, ಅಮ್ಮನ ಪದಗಳು ಇದರಲ್ಲಿ ಇವೆಯೋ ಹೋದವೋ, ಅಷ್ಟು ಹೇಳು” ಎಂದರು.

ನಾವು ಒಂದು ಗಳಿಗೆ ನೋಡಿ, “ಕಡತ ಕೆಟ್ಟುಹೋಗಿದೆ, ಮೇಷ್ಟ್ರೆ” ಎಂದುಬಿಟ್ಟೆವು. ಅವರು ಏಳಲಿಲ್ಲ. ಪರದೆಯ ಮೇಲೆ ಬೆರಳಿಟ್ಟು, ನಾಲ್ಕು ನಾಲ್ಕು ಸಾಲಿಗೊಮ್ಮೆ ಒಂದೇ ಗುರುತುಗಳ ಗುಂಪು ಮರಳಿ ಬರುತ್ತಿರುವುದನ್ನು ತೋರಿಸಿದರು. “ಇದು ಸೊಲ್ಲು ಅಲ್ಲವೆ? ಕೆಟ್ಟದ್ದರಲ್ಲಿ ಸೊಲ್ಲು ಹೇಗೆ ಉಳಿಯುತ್ತದೆ?” ಆ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಕಡತದ ಒಂದು ಪ್ರತಿಯನ್ನು ತೆಗೆದು, ಮೂಲವನ್ನು ಮುಟ್ಟದೆ, ಆ ಪ್ರತಿಯ ಮೇಲೆ ಪರಿಶೀಲನೆಗೆ ತೊಡಗಿದೆವು.

ಗಣಕವು ಅಕ್ಷರವನ್ನು ಅಕ್ಷರವಾಗಿ ಬಲ್ಲುದಲ್ಲ. ಅದಕ್ಕೆ ತಿಳಿದಿರುವುದು ಸಂಖ್ಯೆ ಮಾತ್ರ. ಯಾವ ಸಂಖ್ಯೆಗೆ ಯಾವ ಅಕ್ಷರ ಎಂಬುದು ಮನುಷ್ಯರು ಮಾಡಿಕೊಂಡ ಒಪ್ಪಂದ. 1963ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಆಸ್ಕಿ ಎಂಬ ಪಟ್ಟಿಯಲ್ಲಿ 128 ಸ್ಥಾನಗಳಿದ್ದವು. ಎಂಟು ಬಿಟ್‌ಗಳ ಒಂದು ಬೈಟಿನಲ್ಲಿ 256 ಸಂಖ್ಯೆಗಳು ಹಿಡಿಸುವುದರಿಂದ, ಉಳಿದ ಸ್ಥಾನಗಳನ್ನು ಪಶ್ಚಿಮ ಯೂರೋಪಿನ ಅಕ್ಷರಗಳು ಆಕ್ರಮಿಸಿದವು. ಕನ್ನಡಕ್ಕೆ ಅಲ್ಲಿ ಎಡೆಯಿರಲಿಲ್ಲ. ಆದುದರಿಂದ ನಮ್ಮ ಅಚ್ಚುಮೊಳೆಗಳನ್ನು, ಎಂದರೆ ಫಾಂಟುಗಳನ್ನು, ರಚಿಸಿದವರು ಒಂದು ಜಾಣ ಉಪಾಯ ಹೂಡಿದರು: ಸಂಖ್ಯೆ ಹಾಗೆಯೇ ಇರಲಿ, ಅದರ ಚಿತ್ರವನ್ನು ಮಾತ್ರ ಬದಲಾಯಿಸೋಣ. ಇಂಗ್ಲಿಷಿನ ದೊಡ್ಡ 'ಪಿ' ಅಕ್ಷರದ ಸಂಖ್ಯೆ 80. ಮೇಷ್ಟ್ರು ಬಳಸಿದ್ದ ಫಾಂಟಿನಲ್ಲಿ ಆ ಸ್ಥಾನದಲ್ಲಿ ತಲೆಕಟ್ಟಿಲ್ಲದ ಕಕಾರದ ಒಡಲು ಇತ್ತು. 192ರಲ್ಲಿ ಬರಿಯ ತಲೆಕಟ್ಟು. ಎರಡನ್ನೂ ಜೋಡಿಸಿದರೆ 'ಕ'. ಹೀಗೆ 'ಕನ್ನಡ' ಎಂಬ ಪದವು 80, 192, 163, 192, 223, 113, 192 ಎಂಬ ಏಳು ಸಂಖ್ಯೆಗಳಾಗಿ ಕಡತದಲ್ಲಿ ಕುಳಿತಿತ್ತು. ಹೊಸ ಗಣಕದಲ್ಲಿ ಆ ಫಾಂಟು ಇಲ್ಲವಾದ್ದರಿಂದ ಅದು ತನಗೆ ತಿಳಿದ ಐರೋಪ್ಯ ಚಿತ್ರಗಳನ್ನೇ ಬಿಡಿಸಿತು. ಹಾಡುಗಳು ಎಲ್ಲಿಯೂ ಹೋಗಿರಲಿಲ್ಲ!

ಹಳೆಯ ಫಾಂಟನ್ನು ತಂದು ಸ್ಥಾಪಿಸಿದೊಡನೆ ಪದಗಳು ಪರದೆಯ ಮೇಲೆ ಮೂಡಿದವು. ಆದರೆ ಮೊಮ್ಮಗಳ ಫೋನಿಗೆ ಕಳುಹಿಸಿದರೆ ಮತ್ತೆ ಅದೇ ಅವಸ್ಥೆ. ಶಾಶ್ವತ ಪರಿಹಾರವೆಂದರೆ ಯೂನಿಕೋಡಿಗೆ ಮಾರ್ಪಡಿಸುವುದು. 1991ರಲ್ಲಿ ಹೊರಬಂದ ಅದರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ 3200ರಿಂದ 3327ರವರೆಗೆ ಸ್ವಂತ ಸ್ಥಾನಗಳು ದೊರೆತವು. 'ಕ' ಎಂದರೆ 3221. ಆ ಸಂಖ್ಯೆ ಮತ್ತಾವ ಲಿಪಿಯ ಅಕ್ಷರಕ್ಕೂ ಸಲ್ಲದು.

ಹಳೆಯ ಸಂಖ್ಯೆಗೆ ಹೊಸ ಸಂಖ್ಯೆ, ಹೀಗೊಂದು ಕೋಷ್ಟಕ ಮಾಡಿದರೆ ಮುಗಿಯಿತೆಂದು ನಾವು ಭಾವಿಸಿದೆವು. ಅದೆಷ್ಟು ಹುಡುಗತನದ ಎಣಿಕೆ! ಹಳೆಯ ಪದ್ಧತಿಯಲ್ಲಿ 'ಯ' ಎಂಬ ಒಂದಕ್ಷರಕ್ಕೆ ನಾಲ್ಕು ತುಂಡುಗಳು ಬೇಕು. ಅವುಗಳಲ್ಲಿ ಮೊದಲನೆಯದು ಅನುಸ್ವಾರದ ಸೊನ್ನೆಯೇ. ನಮ್ಮ ಕೋಷ್ಟಕ ಯಕಾರ ಬಂದಲ್ಲೆಲ್ಲ ಸೊನ್ನೆ ಸುತ್ತಿತು. ದೊಡ್ಡ ಗುಂಪನ್ನು ಮೊದಲು ಹುಡುಕಿ, ಆಮೇಲೆ ಬಿಡಿ ತುಂಡಿಗೆ ಬರಬೇಕೆಂಬುದನ್ನು ಅಲ್ಲಿ ಕಲಿತೆವು. ಇನ್ನೊಂದು ತಪ್ಪನ್ನು ಹಿಡಿದವರು ಮೇಷ್ಟ್ರು. ಪರಿವರ್ತಿತ ಪದವನ್ನು ಗಟ್ಟಿಯಾಗಿ ಓದುತ್ತಿದ್ದವರು ತಟ್ಟನೆ ನಿಂತು, “ಇದೇನು, 'ಸೂಯರ್'?” ಎಂದರು. ಹಳೆಯ ಫಾಂಟು ಕಣ್ಣಿಗೆ ಕಾಣುವ ಕ್ರಮವನ್ನು ಅನುಸರಿಸುತ್ತದೆ: ಮೊದಲು 'ಯ', ಅದರ ಬಲಕ್ಕೆ ಅರ್ಕಾವೊತ್ತು. ಯೂನಿಕೋಡು ಉಚ್ಚಾರಣೆಯ ಕ್ರಮವನ್ನು ಅನುಸರಿಸುತ್ತದೆ: ಮೊದಲು 'ರ್', ಆಮೇಲೆ 'ಯ'. ಒಂದು ನೋಡುವ ಕನ್ನಡ, ಇನ್ನೊಂದು ನುಡಿಯುವ ಕನ್ನಡ. ಇಂತಹ ಪರಿವರ್ತಕಗಳು ಸಿದ್ಧವಾಗಿಯೇ ದೊರೆಯುತ್ತವೆಂದು ಅನಂತರ ನಮಗೆ ತಿಳಿಯಿತು. ಮೊದಲೇ ತಿಳಿದಿದ್ದರೆ ಇದಾವುದನ್ನೂ ಕಲಿಯುತ್ತಿರಲಿಲ್ಲ.

ಇಷ್ಟಾದ ಮೇಲೆ ನಮಗೆ ಸ್ವಲ್ಪ ಜಂಬ ಬಂದಿತು. ಕೆಲವು ವಾರಗಳಲ್ಲಿ ಕಾಲೇಜು ವಿದ್ಯಾರ್ಥಿಯೊಬ್ಬನು ಹೆಸರುಗಳ ಪಟ್ಟಿಯೊಂದನ್ನು ತಂದು, ಕನ್ನಡವೆಲ್ಲ ಅಯೋಮಯವಾಗಿದೆಯೆಂದ. ಅದೇ ರೋಗ, ಅದೇ ಮದ್ದು ಎಂದುಕೊಂಡು ನಮ್ಮ ಕೋಷ್ಟಕವನ್ನು ಓಡಿಸಿದೆವು. ಅಯೋಮಯ ಇಮ್ಮಡಿಯಾಯಿತು! ಬಿಡಿಸಿ ನೋಡಿದಾಗ, ಪ್ರತಿ ಮೂರನೆಯ ಸ್ಥಾನದಲ್ಲಿ ಗೀಟು ಹೊತ್ತ ಸಣ್ಣ 'ಎ' ಇತ್ತು. ಅದರ ಸಂಖ್ಯೆ 224. ಈ ಕಡತವು ಯೂನಿಕೋಡಿನದೇ. 3221ರಂತಹ ದೊಡ್ಡ ಸಂಖ್ಯೆ ಒಂದು ಬೈಟಿನಲ್ಲಿ ಹಿಡಿಸದಾದ್ದರಿಂದ, ಯುಟಿಎಫ್-8 ಎಂಬ ಪದ್ಧತಿಯು ಕನ್ನಡದ ಪ್ರತಿಯೊಂದು ಸಂಕೇತವನ್ನೂ ಮೂರು ಬೈಟುಗಳಲ್ಲಿ ಇಡುತ್ತದೆ. 'ಕ' ಎಂದರೆ 224, 178, 149. ಅವನ ತಂತ್ರಾಂಶವು ಆ ಮೂರನ್ನೂ ಮೂರು ಬೇರೆ ಅಕ್ಷರಗಳೆಂದು ಓದಿತ್ತು. ಇಲ್ಲಿ ಯಾವುದನ್ನೂ ಮಾರ್ಪಡಿಸಬೇಕಾಗಿರಲಿಲ್ಲ. ಕಡತವನ್ನು ತೆರೆಯುವಾಗ 'ಇದು ಯುಟಿಎಫ್-8' ಎಂದು ತಿಳಿಸಿದೊಡನೆ ಹೆಸರುಗಳೆಲ್ಲ ಸರಿಯಾದವು. ಕೋಷ್ಟಕವನ್ನು ಓಡಿಸಿದ್ದು ಪ್ರತಿಯ ಮೇಲೆ; ಅದೊಂದು ಪುಣ್ಯ.

ಮೇಷ್ಟ್ರ ಪದಗಳು ಈಗ ಮೊಮ್ಮಗಳ ಫೋನಿನಲ್ಲಿವೆ. ಕಡೆಯ ಪುಟದಲ್ಲಿ ಒಂದು ಪದ ಮಾತ್ರ ಎಷ್ಟು ತಿದ್ದಿದರೂ ಅರ್ಥವಾಗದೆ ಉಳಿದಿತ್ತು. ನಾವು ಎರಡು ಸಂಜೆ ನಮ್ಮ ಕೋಷ್ಟಕವನ್ನೇ ಜಾಲಾಡಿದೆವು. ಮೂರನೆಯ ಸಂಜೆ ಅವರು ಆ ಸಾಲನ್ನು ಹಾಡಿಕೊಂಡು ನೋಡಿ, “ಅದು ನನ್ನದೇ ಬೆರಳಚ್ಚಿನ ತಪ್ಪು ಕಣಪ್ಪ” ಎಂದು ನಕ್ಕರು.