ಪುನರುತ್ಥಾನದ ಮೊದಲ ಸಾಕ್ಷಿ: ಕ್ರೈಸ್ತ ಭರವಸೆ ಮತ್ತು ಸ್ತ್ರೀಯರ ಸಭಾಸೇವೆ

ಪುನರ್ಜನ್ಮ, ಪುನರುತ್ಥಾನ ಎಂಬ ಎರಡು ಪದಗಳು ರೂಪದಲ್ಲಿ ಹತ್ತಿರದವಾಗಿ ಕಂಡರೂ ಅರ್ಥದಲ್ಲಿ ತೀರ ಬೇರೆಯಾದವು. ಕರ್ಮಾನುಸಾರವಾಗಿ ಜೀವವು ಒಂದು ದೇಹವನ್ನು ತೊರೆದು ಮತ್ತೊಂದನ್ನು ಪಡೆಯುವುದು ಪುನರ್ಜನ್ಮ. ಆ ಚಕ್ರದಿಂದ ಬಿಡುಗಡೆ ಹೊಂದುವುದೇ ಸಾಧಕನ ಗುರಿ. ಪುನರುತ್ಥಾನವಾದರೋ ಒಮ್ಮೆ ಬಾಳಿ ಮಡಿದ ಅದೇ ವ್ಯಕ್ತಿ ದೇವರ ಕೃಪೆಯಿಂದ ರೂಪಾಂತರಗೊಂಡ ದೇಹದೊಡನೆ ಏಳುವುದು. ಕೊರಿಂಥದ ಸಭೆಗೆ ಬರೆದ ಮೊದಲ ಪತ್ರದ 15ನೆಯ ಅಧ್ಯಾಯದಲ್ಲಿ ಪೌಲನು ಇದನ್ನು ಬಿತ್ತಿದ ಕಾಳಿನ ಉಪಮೆಯಿಂದ ವಿವರಿಸುತ್ತಾನೆ. ಅವನ ದೃಷ್ಟಿಯಲ್ಲಿ ಎದ್ದುಬಂದ ಕ್ರಿಸ್ತನು ಸುಗ್ಗಿಯ ಪ್ರಥಮಫಲ. ಉಳಿದ ಬೆಳೆ ಇನ್ನೂ ಬರಬೇಕಾಗಿದೆ. ಕ್ರೈಸ್ತರು ಭರವಸೆ ಎನ್ನುವುದು ಈ ನಿರೀಕ್ಷೆಯನ್ನೇ.

ಈ ಭರವಸೆಯ ಆಧಾರ ತರ್ಕವಲ್ಲ, ಸಾಕ್ಷ್ಯ. ಆದುದರಿಂದ ಮೊದಲು ಕಂಡವರು ಯಾರು ಎಂಬ ಪ್ರಶ್ನೆ ಇಲ್ಲಿ ಮುಖ್ಯವಾಗುತ್ತದೆ. ಬರಿದಾದ ಸಮಾಧಿಗೆ ಹೋದ ಸ್ತ್ರೀಯರ ಹೆಸರುಗಳಲ್ಲಿ ನಾಲ್ಕು ಸುವಾರ್ತೆಗಳು ಒಮ್ಮತ ಹೊಂದಿಲ್ಲ. ಮಾರ್ಕನು ಮೂವರನ್ನು, ಮತ್ತಾಯನು ಇಬ್ಬರನ್ನು ಹೆಸರಿಸುತ್ತಾರೆ. ಲೂಕನು ಯೋಹಾನ್ನಳನ್ನೂ ಇತರ ಸ್ತ್ರೀಯರನ್ನೂ ಸೇರಿಸುತ್ತಾನೆ. ಆದರೆ ಮಗ್ದಲದ ಮರಿಯಳ ಹೆಸರು ನಾಲ್ಕರಲ್ಲಿಯೂ ಇದೆ. ಯೋಹಾನನ ಸುವಾರ್ತೆಯಲ್ಲಿ ಅವಳು ಯೇಸುವನ್ನು ಮೊದಲು ತೋಟಗಾರನೆಂದು ಭಾವಿಸುತ್ತಾಳೆ. ತನ್ನ ಹೆಸರನ್ನು ಅವನ ಬಾಯಲ್ಲಿ ಕೇಳಿದಾಗಲಷ್ಟೇ ಗುರುತಿಸುತ್ತಾಳೆ. ಶಿಷ್ಯರ ಬಳಿಗೆ ಹೋಗಿ ಸುದ್ದಿ ತಿಳಿಸುವ ಹೊಣೆ ಅವಳ ಮೇಲೆ ಬೀಳುತ್ತದೆ.

ಸ್ತ್ರೀಯರ ಸಾಕ್ಷ್ಯಕ್ಕೆ ಹೆಚ್ಚು ಬೆಲೆಯಿಲ್ಲದಿದ್ದ ಕಾಲವದು. ಅದನ್ನು ಅಂಗೀಕರಿಸಬಾರದೆಂಬ ಅಭಿಪ್ರಾಯವನ್ನು ಮೊದಲನೆಯ ಶತಮಾನದ ಯೆಹೂದ್ಯ ಇತಿಹಾಸಕಾರ ಜೋಸೆಫಸ್ ದಾಖಲಿಸಿದ್ದಾನೆ. ಲೂಕನ ಪ್ರಕಾರ ಅಪೊಸ್ತಲರಿಗೂ ಈ ಹೆಂಗಸರ ಮಾತು ಬರಿಯ ಹರಟೆಯಾಗಿ ತೋರಿತು. ಪೌಲನು ಕೊಡುವ ಸಾಕ್ಷಿಗಳ ಪಟ್ಟಿಯಲ್ಲಿ ಯಾವ ಸ್ತ್ರೀಯ ಹೆಸರೂ ಇಲ್ಲ. ಕಥೆಯನ್ನು ಕಟ್ಟಿದವರು ಜನ ನಂಬದ ಸಾಕ್ಷಿಗಳನ್ನು ಬೇಕೆಂದು ಆರಿಸಿಕೊಳ್ಳುತ್ತಿರಲಿಲ್ಲ. ಆದುದರಿಂದ ಸುವಾರ್ತೆಗಳ ಈ ಅಂಶ ಪ್ರಾಚೀನವೆಂದು ಹಲವು ವಿದ್ವಾಂಸರು ವಾದಿಸಿದ್ದಾರೆ.

ಆ ಬಳಿಕದ ಚರಿತ್ರೆ ಮರಿಯಳಿಗೆ ನ್ಯಾಯ ಒದಗಿಸಲಿಲ್ಲ. ಕ್ರಿ.ಶ. 591ರ ಸುಮಾರಿಗೆ ಪೋಪ್ ಒಂದನೆಯ ಗ್ರೆಗರಿ ತನ್ನ ಪ್ರವಚನವೊಂದರಲ್ಲಿ ಅವಳನ್ನೂ, ಲೂಕನ ಸುವಾರ್ತೆಯ ಹೆಸರಿಲ್ಲದ ಪಾಪಿ ಸ್ತ್ರೀಯನ್ನೂ, ಬೇಥಾನ್ಯದ ಮರಿಯಳನ್ನೂ ಒಬ್ಬಳನ್ನಾಗಿಸಿದನು. ಪೌರಸ್ತ್ಯ ಸಭೆಗಳು ಇದನ್ನು ಒಪ್ಪಲಿಲ್ಲ. ಪಾಶ್ಚಾತ್ಯ ಚಿತ್ರಕಲೆಯಲ್ಲಿಯೂ ಸಾಹಿತ್ಯದಲ್ಲಿಯೂ ಮಾತ್ರ ಸಾಕ್ಷಿಯಾಗಿದ್ದವಳು ಪಶ್ಚಾತ್ತಾಪದ ಪ್ರತಿಮೆಯಾಗಿ ಉಳಿದಳು. ಆದರೂ ‘ಅಪೊಸ್ತಲರ ಅಪೊಸ್ತಲೆ’ ಎಂಬ ಬಿರುದು ಮಧ್ಯಯುಗದಲ್ಲಿ ಅಳಿಯಲಿಲ್ಲ. ಗ್ರೀಕಿನಲ್ಲಿ ಅಪೊಸ್ತಲನೆಂದರೆ ಕಳುಹಿಸಲ್ಪಟ್ಟವನು ಎಂದರ್ಥ. 1969ರ ರೋಮನ್ ಪಂಚಾಂಗ ಸುಧಾರಣೆ ಈ ಗೊಂದಲವನ್ನು ಕೈಬಿಟ್ಟಿತು. 2016ರಲ್ಲಿ ಪೋಪ್ ಫ್ರಾನ್ಸಿಸ್ ಜುಲೈ 22ರ ಅವಳ ಸ್ಮರಣೆಯನ್ನು ಅಪೊಸ್ತಲರ ಹಬ್ಬಗಳ ಮಟ್ಟಕ್ಕೆ ಏರಿಸಿದರು.

ಹಾಗಾದರೆ ಸಾಕ್ಷಿಯಾಗಿ ಕಳುಹಿಸಲ್ಪಟ್ಟವಳು ಸಭೆಯ ಸೇವೆಗೂ ಅರ್ಹಳೇ? ಇಲ್ಲಿ ಅನುವಾದದ ಸಮಸ್ಯೆಯೂ ಸೇರಿಕೊಳ್ಳುತ್ತದೆ. ರೋಮಾಪುರದವರಿಗೆ ಬರೆದ ಪತ್ರದಲ್ಲಿ ಪೌಲನು ಕೆಂಖ್ರೆಯ ಫೊಯಿಬೆಯನ್ನು ‘ಡಿಯಾಕೊನೊಸ್’ ಎಂದು ಕರೆಯುತ್ತಾನೆ. ಅದನ್ನು ‘ಸೇವಕಿ’ ಎಂದರೆ ಒಂದು ಗುಣ, ‘ಸಭಾಸೇವಕಿ’ ಎಂದರೆ ಒಂದು ಪದವಿ. ಇನ್ನೊಂದೆಡೆ ತಿಮೊಥೆಯನಿಗೆ ಬರೆದ ಮೊದಲ ಪತ್ರ ಸ್ತ್ರೀಯರು ಉಪದೇಶಿಸುವುದನ್ನು ನಿಷೇಧಿಸುತ್ತದೆ. ಯೇಸು ಹನ್ನೆರಡು ಮಂದಿ ಪುರುಷರನ್ನೇ ಆರಿಸಿದನೆಂಬ ಆಧಾರದ ಮೇಲೆ ಸ್ತ್ರೀಯರಿಗೆ ಗುರುದೀಕ್ಷೆ ನೀಡುವ ಅಧಿಕಾರ ಸಭೆಗಿಲ್ಲವೆಂದು 1994ರಲ್ಲಿ ಪೋಪ್ ಎರಡನೆಯ ಜಾನ್ ಪಾಲ್ ಸಾರಿದರು. ಸಾಕ್ಷ್ಯ ಬೇರೆ, ಯಾಜಕಪದವಿ ಬೇರೆ ಎಂಬುದು ಈ ಪಕ್ಷದ ವಾದ.

ಆಂಗ್ಲಿಕನ್ ಪರಂಪರೆಯಲ್ಲಿ ಬದಲಾವಣೆ ಅನಿವಾರ್ಯತೆಯಿಂದ ಮೊದಲಾಯಿತು. ಯುದ್ಧಕಾಲದಲ್ಲಿ ಮಕಾವಿನ ಭಕ್ತರಿಗೆ ಪಾದ್ರಿಗಳಿಲ್ಲದಿದ್ದಾಗ, 1944ರಲ್ಲಿ ಹಾಂಗ್‌ಕಾಂಗಿನ ಬಿಷಪ್ ರೊನಾಲ್ಡ್ ಹಾಲ್ ಅವರು ಫ್ಲಾರೆನ್ಸ್ ಲೀ ಟಿಮ್-ಓಯ್ ಎಂಬ ಮಹಿಳೆಗೆ ಗುರುದೀಕ್ಷೆಯಿತ್ತರು. ವಿರೋಧ ಬಂದಾಗ ಆಕೆ 1946ರಲ್ಲಿ ಗುರುವಾಗಿ ಸೇವೆ ಸಲ್ಲಿಸುವ ಪರವಾನಗಿಯನ್ನು ಬಿಟ್ಟುಕೊಡಬೇಕಾಯಿತು. ಕರ್ನಾಟಕದ ಅನೇಕ ಪ್ರಾಟೆಸ್ಟೆಂಟ್ ಸಭೆಗಳೂ ಸೇರಿರುವ, 1947ರಲ್ಲಿ ಮದರಾಸಿನಲ್ಲಿ ಸ್ಥಾಪನೆಯಾದ ದಕ್ಷಿಣ ಭಾರತ ಸಭೆ 2013ರಲ್ಲಿ ಇ. ಪುಷ್ಪಲಲಿತಾ ಅವರನ್ನು ನಂದ್ಯಾಲದ ಬಿಷಪ್ಪರನ್ನಾಗಿಸಿತು. ಆ ಸಭೆಯ ಮೊದಲ ಮಹಿಳಾ ಬಿಷಪ್ ಅವರು.

ಈ ವಿವಾದ ಇಂದಿಗೂ ಮುಗಿದಿಲ್ಲ. ಆದರೆ ಒಂದು ಮಾತನ್ನು ಎರಡು ಪಕ್ಷಗಳೂ ಅಲ್ಲಗಳೆಯಲಾರವು. ಸಾವೇ ಕೊನೆಯಲ್ಲ ಎಂಬ ಕ್ರೈಸ್ತ ಭರವಸೆ ಸುವಾರ್ತೆಗಳಲ್ಲಿ ಮೊದಲು ಸ್ತ್ರೀಯರ ಬಾಯಿಂದಲೇ ಲೋಕಕ್ಕೆ ತಿಳಿಯಿತು. ಕೇಳಿದವರು ಅದನ್ನು ಹರಟೆಯೆಂದು ತಳ್ಳಿಹಾಕಿದರೂ ಆ ಮಾತು ಉಳಿಯಿತು. ಆ ಮಾತನ್ನು ನಂಬಿ ನಡೆಯುವ ಸಮುದಾಯ ಅದನ್ನು ತಂದವಳಿಗೆ ಯಾವ ಸ್ಥಾನ ಕೊಡುತ್ತದೆ ಎಂಬುದು ಬರಿಯ ಪದವಿಯ ಪ್ರಶ್ನೆಯಲ್ಲ. ತನ್ನ ನಂಬಿಕೆಯ ಮೂಲವನ್ನು ಅದು ಎಷ್ಟು ಗೌರವಿಸುತ್ತದೆ ಎಂಬುದರ ಪರೀಕ್ಷೆಯೂ ಹೌದು.