ಹೊಸ ಟಚ್ ಫೋನು ಮತ್ತು ರೈತನ ಕೈ



ಹೊಸ ಎತ್ತನ್ನು ಜಾತ್ರೆಯಿಂದ ತಂದ ದಿನವೇ ಯಾರೂ ಅದನ್ನು ತುಂಬಿದ ಗಾಡಿಗೆ ಹೂಡುವುದಿಲ್ಲ. ಮೊದಲು ಕೊಟ್ಟಿಗೆಯಲ್ಲಿ ಕಟ್ಟಿ ಮೈ ಸವರುತ್ತೇವೆ, ನಡಿಗೆ ನೋಡುತ್ತೇವೆ, ಬರಿಯ ಗಾಡಿಗೆ ಕಟ್ಟಿ ನಾಲ್ಕು ಹೆಜ್ಜೆ ನಡೆಸುತ್ತೇವೆ. ಹೊರೆ ಹೇರುವುದು ಆಮೇಲಿನ ಮಾತು. ಬಟನ್ ಫೋನನ್ನು ಬಿಟ್ಟು ಟಚ್ ಫೋನನ್ನು ಕೊಳ್ಳುವವರೂ ಹೀಗೆಯೇ ನಡೆಯುವುದು ಒಳ್ಳೆಯದು. ಅಂಗಡಿಯಿಂದ ತಂದ ಸಂಜೆಯೇ ಬ್ಯಾಂಕಿನ ಖಾತೆಯನ್ನು ಅದಕ್ಕೆ ಜೋಡಿಸಿಬಿಡುವುದು ತರವಲ್ಲ. ಮೊದಲ ಎಂಟು ದಿನ ಫೋನಿನ ಸ್ವಭಾವವನ್ನು ತಿಳಿಯಿರಿ. ಹಣದ ಕೆಲಸ ಆಮೇಲೆ. ಆ ಎಂಟು ದಿನಗಳಲ್ಲಿ ಏನನ್ನು ನೋಡಬೇಕು, ಏನನ್ನು ಕಲಿಯಬೇಕು ಎಂಬುದನ್ನು ಇಲ್ಲಿ ವಿವರಿಸಿದೆ.

ಗಾಜಿಗೆ ಬೆರಳು ತಿಳಿಯುವುದು ಹೇಗೆ?

ಬಟನ್ ಫೋನಿನಲ್ಲಿ ಗುಂಡಿ ಒತ್ತಿದ್ದು ಬೆರಳಿಗೇ ತಿಳಿಯುತ್ತಿತ್ತು. ಕತ್ತಲೆಯಲ್ಲಿಯೂ ಕರೆ ಮಾಡಬಹುದಾಗಿತ್ತು. ಟಚ್ ಫೋನಿನಲ್ಲಿ ಇರುವುದು ನುಣುಪಾದ ಗಾಜು ಮಾತ್ರ. ಆದುದರಿಂದ ಹೊಸಬರು ಬೆರಳನ್ನು ಬಲವಾಗಿ ಒತ್ತುತ್ತಾರೆ. ಬಲದ ಅಗತ್ಯ ಇಲ್ಲವೇ ಇಲ್ಲ.

ಗಾಜಿನ ಅಡಿಯಲ್ಲಿ ಕಣ್ಣಿಗೆ ಕಾಣದಷ್ಟು ತೆಳುವಾದ, ವಿದ್ಯುತ್ ಹರಿಯಬಲ್ಲ ಪದರವೊಂದು ಉಂಟು. ಅದರಲ್ಲಿ ಸದಾ ಅತ್ಯಲ್ಪ ವಿದ್ಯುತ್ ಇರುತ್ತದೆ. ನಮ್ಮ ಮೈಯಲ್ಲಿ ನೀರು, ಉಪ್ಪು ಇರುವುದರಿಂದ ಮೈಯೂ ವಿದ್ಯುತ್ತನ್ನು ಹರಿಯಗೊಡುತ್ತದೆ. ಬೆರಳು ಗಾಜನ್ನು ಸೋಕಿದಾಗ ಆ ಜಾಗದ ವಿದ್ಯುತ್ತಿನಲ್ಲಿ ಸ್ವಲ್ಪ ವ್ಯತ್ಯಾಸವಾಗುತ್ತದೆ. ವ್ಯತ್ಯಾಸ ಎಲ್ಲಿ ಆಯಿತೆಂದು ಫೋನು ಲೆಕ್ಕಹಾಕಿ, ಅಲ್ಲಿರುವ ಚಿತ್ರಕ್ಕೆ ಸೇರಿದ ಕೆಲಸವನ್ನು ಮಾಡುತ್ತದೆ. ಇದರಿಂದ ಶಾಕ್ ಹೊಡೆಯುವ ಭಯವಿಲ್ಲ. ಉಗುರಿನಿಂದ ಕುಟ್ಟಿದರೆ, ಕಡ್ಡಿಯಿಂದ ಚುಚ್ಚಿದರೆ ಅದು ಓಗೊಡದಿರುವುದಕ್ಕೂ ಇದೇ ಕಾರಣ. ಈ ವಿಧಾನವನ್ನು ಇಂಗ್ಲೆಂಡಿನ ಇ. ಎ. ಜಾನ್ಸನ್ ಎಂಬವರು 1965ರಲ್ಲಿಯೇ ಬರೆದು ಪ್ರಕಟಿಸಿದ್ದರು. 2007ರಲ್ಲಿ ಐಫೋನು ಮಾರುಕಟ್ಟೆಗೆ ಬಂದ ಮೇಲೆ ಇಂಥ ಫೋನುಗಳು ಲೋಕದಲ್ಲೆಲ್ಲ ಹರಡಿದವು.

ಕಲಿಯಬೇಕಾದ ಬೆರಳಿನ ಕೆಲಸ ನಾಲ್ಕೇ. ಮೆಲ್ಲಗೆ ತಟ್ಟಿದರೆ ತೆರೆಯುತ್ತದೆ. ಒತ್ತಿ ಹಿಡಿದರೆ ಬೇರೆ ಪಟ್ಟಿ ಬರುತ್ತದೆ. ಬೆರಳಿಟ್ಟು ಸರಿಸಿದರೆ ಪುಟ ಸರಿಯುತ್ತದೆ. ಚಿತ್ರದ ಮೇಲೆ ಎರಡು ಬೆರಳಿಟ್ಟು ಅಗಲಿಸಿದರೆ ಅದು ದೊಡ್ಡದಾಗುತ್ತದೆ. ಫೋಟೋ ಒಂದನ್ನು ತೆರೆದು ಈ ನಾಲ್ಕನ್ನೂ ಅಭ್ಯಾಸ ಮಾಡಿರಿ.

ಇಲ್ಲಿ ಒಂದು ಮುಖ್ಯ ಸಂಗತಿಯನ್ನು ಗಮನಿಸಬೇಕು. ಗಾಜಿಗೆ ಬೆರಳು ತಿಳಿಯುತ್ತದೆ. ಬೆರಳಿಟ್ಟವನ ಮನಸ್ಸು ತಿಳಿಯುವುದಿಲ್ಲ. ಬೇಕೆಂದು ತಟ್ಟಿದ್ದೂ ಅದಕ್ಕೆ ಒಂದೇ, ತಿಳಿಯದೆ ತಟ್ಟಿದ್ದೂ ಒಂದೇ. ಆದುದರಿಂದ ಓದಿ ತಿಳಿಯದ ಯಾವ ಬರಹದ ಮೇಲೂ ಬೆರಳಿಡಕೂಡದು.

ದುಡಿದ ಕೈಯ ತೊಂದರೆಗಳು

ಗುದ್ದಲಿ, ಮಚ್ಚು ಹಿಡಿದ ಕೈಯ ಚರ್ಮ ಗಡುಸಾಗಿ ಒಣಗಿರುತ್ತದೆ. ಇಂಥ ಬೆರಳನ್ನು ಗಾಜು ಕೆಲವು ಸಲ ಗುರುತಿಸುವುದಿಲ್ಲ. ಫೋನು ಕೆಟ್ಟಿದೆಯೆಂದು ತಿಳಿಯಬೇಡಿರಿ. ಕೈ ತೊಳೆದು ಒರಸಿಕೊಂಡು ಬೆರಳಿನ ತುದಿಗೆ ಬದಲಾಗಿ ಮೆತ್ತನೆಯ ಭಾಗವನ್ನು ಇಟ್ಟು ನೋಡಿರಿ. ಬೆವರಿನ ಹನಿ, ಮಳೆಯ ಹನಿ ಗಾಜಿನ ಮೇಲಿದ್ದರೂ ಫೋನು ತಬ್ಬಿಬ್ಬಾಗುತ್ತದೆ. ನೀರೂ ವಿದ್ಯುತ್ತನ್ನು ಹರಿಯಗೊಡುವ ವಸ್ತುವಲ್ಲವೇ? ಒರಸಿದರೆ ಸರಿಹೋಗುವುದು.

ಬೆರಳಚ್ಚಿನಿಂದ ಬೀಗ ತೆರೆಯುವ ಸೌಕರ್ಯ ಅನೇಕ ಫೋನುಗಳಲ್ಲಿದೆ. ದುಡಿಯುವವರ ಬೆರಳಿನ ಗೆರೆಗಳು ಸವೆದಿರುವುದರಿಂದ ಅದು ಆಗಾಗ ಕೈಕೊಡುತ್ತದೆ. ಹೆಚ್ಚು ಸವೆಯದ ಎಡಗೈಯ ಬೆರಳನ್ನೂ ಸೇರಿಸಿ ಎರಡು ಮೂರು ಬೆರಳುಗಳನ್ನು ದಾಖಲಿಸಿರಿ. ಜೊತೆಗೆ ಅಂಕೆಯ ಬೀಗವೊಂದನ್ನು ಇಡಿರಿ. ಅದು ನಿಮ್ಮ ಹುಟ್ಟಿದ ವರ್ಷವಾಗಲಿ 1234 ಆಗಲಿ ಆಗಿರಬಾರದು. ಪಿಎಂ ಕಿಸಾನ್ ಯೋಜನೆಯ ಇ-ಕೆವೈಸಿಯಲ್ಲಿಯೂ ಬೆರಳಚ್ಚು ತಾಳೆಯಾಗದೆ ಬಹಳ ರೈತರು ಅಲೆದಾಡಿದ್ದುಂಟು. 2023ರಲ್ಲಿ ಆ ಯೋಜನೆಯ ಆ್ಯಪಿನಲ್ಲಿ ಮುಖ ತೋರಿಸಿ ಗುರುತು ಕೊಡುವ ಏರ್ಪಾಡು ಬಂತು. ಟಚ್ ಫೋನಿನಿಂದ ಸವೆದ ಬೆರಳಿನವರಿಗೆ ಆಗಿರುವ ಒಂದು ನಿಜವಾದ ಉಪಕಾರ ಇದು.

ಇನ್ನೊಂದು ಎಚ್ಚರಿಕೆ. ಔಷಧಿ ಹೊಡೆಯುವಾಗ ಫೋನು ಬಂದರೆ ಅದೇ ಕೈಯಲ್ಲಿ ಎತ್ತಿಕೊಳ್ಳುವುದು ರೂಢಿಯಾಗಿದೆ. ಕೈಯಲ್ಲಿದ್ದ ವಿಷ ಗಾಜಿಗೆ ಹತ್ತುತ್ತದೆ; ಗಾಜಿನಿಂದ ಕೆನ್ನೆಗೆ, ಸಂಜೆ ಮನೆಯಲ್ಲಿ ಆಟವಾಡುವ ಮಗುವಿನ ಕೈಗೆ, ಅಲ್ಲಿಂದ ಬಾಯಿಗೆ ಹೋಗುತ್ತದೆ. ಸಿಂಪರಣೆಯ ವೇಳೆ ಫೋನು ಬದುವಿನ ಮೇಲೆ ನೆರಳಿನಲ್ಲಿರಲಿ. ಕೈಯನ್ನು ಸೋಪು ಹಾಕಿ ತೊಳೆದ ಮೇಲೆಯೇ ಅದನ್ನು ಮುಟ್ಟಿರಿ.

ಬಿಸಿಲು, ನೀರು, ಚಾರ್ಜು

ಅಂಗಡಿಯ ನೆರಳಿನಲ್ಲಿ ಥಳಥಳಿಸಿದ ಪರದೆ ನಡುಹಗಲಿನ ಹೊಲದಲ್ಲಿ ಮಂಕಾಗಿ ಕಾಣುತ್ತದೆ. ಆದುದರಿಂದ ಕೊಳ್ಳುವಾಗಲೇ ಅಂಗಡಿಯ ಹೊರಗೆ ಬಿಸಿಲಿನಲ್ಲಿ ಹಿಡಿದು ಓದಿ ನೋಡಿರಿ. ಮೇಲಿನಿಂದ ಕೆಳಕ್ಕೆ ಬೆರಳೆಳೆದರೆ ಸೂರ್ಯನ ಗುರುತಿನ ಪಟ್ಟಿ ಬರುತ್ತದೆ. ಅದನ್ನು ಸರಿಸಿದರೆ ಬೆಳಕು ಹೆಚ್ಚುತ್ತದೆ. ಬೆಳಕು ಹೆಚ್ಚಿದಷ್ಟೂ ಚಾರ್ಜು ಬೇಗ ಇಳಿಯುತ್ತದೆ. ಬಟನ್ ಫೋನು ಮೂರು ನಾಲ್ಕು ದಿನ ತಡೆಯುತ್ತಿತ್ತು. ಇದಕ್ಕೆ ದಿನವೂ ಚಾರ್ಜು ಬೇಕೆಂದೇ ತಿಳಿಯಿರಿ. ಹಳೆಯ ಫೋನನ್ನು ಎಸೆಯದೆ ಚಾರ್ಜು ಮಾಡಿ ಮನೆಯಲ್ಲಿಡುವುದು ಜಾಣತನ.

ಬಿಸಿಲು ಬೀಳುವ ಟ್ರ್ಯಾಕ್ಟರಿನ ಮೇಲೆ, ಪಂಪ್‌ಸೆಟ್ ಮನೆಯ ಕಾದ ತಗಡಿನ ಕೆಳಗೆ ಫೋನನ್ನು ಬಿಡಬಾರದು. ಕಾವಿಗೆ ಬ್ಯಾಟರಿಯ ಆಯುಷ್ಯ ಕುಗ್ಗುತ್ತದೆ. ಫೋನು ಕಾಲುವೆಗೆ ಬಿದ್ದರೆ ಕೂಡಲೇ ಆಫ್ ಮಾಡಿ ಒರಸಿ ನೆರಳಿನಲ್ಲಿ ಆರಗೊಡಿರಿ. ಪೂರ್ತಿ ಆರುವ ತನಕ ಚಾರ್ಜಿಗೆ ಹಾಕಕೂಡದು. ಗುಡುಗು ಸಿಡಿಲಿನ ಹೊತ್ತಿನಲ್ಲಿ ಚಾರ್ಜಿಗೆ ಹಾಕಿದ ಫೋನನ್ನು ಹಿಡಿದು ಮಾತಾಡುವುದೂ ಅಪಾಯಕರ.

ಕನ್ನಡ ಮಾಡಿಕೊಳ್ಳಿರಿ

ಹೊಸ ಫೋನು ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ ತೆರೆದುಕೊಳ್ಳುತ್ತದೆ. ಸೆಟ್ಟಿಂಗ್ಸಿನಲ್ಲಿ ಭಾಷೆಯ ಪಟ್ಟಿಯನ್ನು ತೆರೆದು ಕನ್ನಡವನ್ನು ಆರಿಸಿದರೆ ಫೋನಿನ ಬಹುಪಾಲು ಬರಹ ಕನ್ನಡವಾಗುತ್ತದೆ. ಅಲ್ಲಿಯೇ ಅಕ್ಷರದ ಗಾತ್ರವನ್ನೂ ಹೆಚ್ಚಿಸಬಹುದು. ಕಣ್ಣು ಮಂಜಾದ ಹಿರಿಯರಿಗೆ ಇದನ್ನು ತಪ್ಪದೆ ಮಾಡಿಕೊಡಿರಿ. ಬರೆಯುವುದು ಕಷ್ಟವಾದರೆ ಅಕ್ಷರಗಳ ಪಟ್ಟಿಯಲ್ಲಿ ಮೈಕಿನ ಚಿತ್ರ ಇರುತ್ತದೆ. ಅದನ್ನು ತಟ್ಟಿ ಕನ್ನಡದಲ್ಲಿ ಮಾತಾಡಿದರೆ ಫೋನೇ ಬರೆದುಕೊಳ್ಳುತ್ತದೆ. ನಮ್ಮ ಊರಿನ ಮಾತಿನ ಧಾಟಿಯಲ್ಲಿ ಕೆಲವು ಪದ ತಪ್ಪಾಗಿ ಬೀಳಬಹುದು. ಕಳಿಸುವ ಮುನ್ನ ಒಮ್ಮೆ ಓದಿರಿ.

ಹೊಲದಲ್ಲಿ ಉಪಯೋಗ

ಹೊಲದಲ್ಲಿ ಹೆಚ್ಚು ಕೆಲಸಕ್ಕೆ ಬರುವುದು ಕ್ಯಾಮೆರಾ. ಬೆಳೆಗೆ ರೋಗ ಬಂದರೆ ಇಡೀ ಗಿಡದ ಒಂದು ಫೋಟೋ, ಎಲೆಯ ಮೇಲ್ಭಾಗದ್ದೊಂದು, ಅಡಿಭಾಗದ್ದೊಂದು, ಹೀಗೆ ಮೂರನ್ನು ತೆಗೆಯಿರಿ. ಹುಳು ಸಾಮಾನ್ಯವಾಗಿ ಎಲೆಯ ಅಡಿಯಲ್ಲಿರುತ್ತದೆ. ಪಕ್ಕದಲ್ಲಿ ಒಂದು ರೂಪಾಯಿಯ ನಾಣ್ಯವನ್ನಿಟ್ಟರೆ ಅದರ ಗಾತ್ರ ನೋಡುವವರಿಗೆ ತಿಳಿಯುತ್ತದೆ. ಎಲೆಯ ಮೇಲೆ ಮೈಯ ನೆರಳು ಬೀಳುವಂತೆ ನಿಂತು ತೆಗೆದರೆ ಬಣ್ಣ ಸರಿಯಾಗಿ ಬರುವುದು. ಇವನ್ನು ರೈತ ಸಂಪರ್ಕ ಕೇಂದ್ರದ ಅಧಿಕಾರಿಗಳಿಗೆ ತೋರಿಸಿರಿ. ಔಷಧಿ ಡಬ್ಬಿಯ ಮೇಲಿನ ಸಣ್ಣ ಅಕ್ಷರವನ್ನೂ ಫೋಟೋ ತೆಗೆದು ದೊಡ್ಡದು ಮಾಡಿ ಓದಬಹುದು.

2020ರ ಮುಂಗಾರಿನಿಂದ ನಮ್ಮ ರಾಜ್ಯದಲ್ಲಿ ರೈತರೇ ತಮ್ಮ ಬೆಳೆಯನ್ನು ಬೆಳೆ ಸಮೀಕ್ಷೆಯ ಆ್ಯಪಿನಲ್ಲಿ ದಾಖಲಿಸುವ ಅವಕಾಶ ಬಂತು. ಬೆಳೆ ವಿಮೆ, ಬೆಂಬಲ ಬೆಲೆ, ಬೆಳೆ ನಷ್ಟದ ಪರಿಹಾರಗಳಿಗೆ ಈ ದಾಖಲೆಯನ್ನು ನೋಡುತ್ತಾರೆ. ಹೊಲದಲ್ಲಿ ರಾಗಿ ಇದ್ದು ದಾಖಲೆಯಲ್ಲಿ ಜೋಳವೆಂದಿದ್ದರೆ ನಷ್ಟ ರೈತನಿಗೇ. ಫೋಟೋವನ್ನು ಹೊಲದಲ್ಲಿ ನಿಂತೇ ತೆಗೆಯಬೇಕು; ಏಕೆಂದರೆ ನಿಂತ ಸ್ಥಳವನ್ನು ಫೋನು ಉಪಗ್ರಹಗಳ ಸಹಾಯದಿಂದ ಗುರುತಿಸುತ್ತದೆ. ದಟ್ಟವಾದ ತೋಟದ ಒಳಗೆ ಈ ಗುರುತು ಆಚೀಚೆ ಆಗಬಹುದು. ಆಕಾಶ ಕಾಣುವ ಕಡೆ ನಿಂತು ಒಂದೆರಡು ನಿಮಿಷ ಕಾಯಿರಿ.

ಪುಣೆಯ ಉಷ್ಣವಲಯದ ಹವಾಮಾನ ಸಂಸ್ಥೆಯವರು ಸಿದ್ಧಪಡಿಸಿದ 'ದಾಮಿನಿ' ಎಂಬ ಆ್ಯಪು ನಿಮ್ಮ ಸುತ್ತಮುತ್ತ ಸಿಡಿಲಿನ ಸಂಭವವಿದ್ದರೆ ಎಚ್ಚರಿಸುತ್ತದೆ. ಆ ಸೂಚನೆ ಬಂದಾಗ ಮರದ ಕೆಳಗೆ ನಿಲ್ಲದೆ ಗಟ್ಟಿಯಾದ ಕಟ್ಟಡವನ್ನು ಸೇರಿರಿ.

ಹಣದ ಕೆಲಸ: ಎಂಟು ದಿನದ ಮೇಲೆ

ಬೆರಳು ಪಳಗಿದ ಮೇಲೆ ಹಣದ ಆ್ಯಪನ್ನು ಹಾಕಿಕೊಳ್ಳಬಹುದು. ಫೋನಿನಿಂದ ನೇರವಾಗಿ ಬ್ಯಾಂಕಿನ ಹಣ ಕಳಿಸುವ ಯುಪಿಐ ಪದ್ಧತಿ 2016ರಲ್ಲಿ ಆರಂಭವಾಯಿತು. ಗೊಬ್ಬರದಂಗಡಿಯ ಬಾಕಿಯನ್ನು ಮನೆಯಿಂದಲೇ ತೀರಿಸಬಹುದು, ಚಿಲ್ಲರೆಯ ಗೋಳಿಲ್ಲ. ಆದರೆ ವರ್ಷದ ದುಡಿಮೆ ಒಂದು ಬೆರಳಿನ ತಟ್ಟಿನಲ್ಲಿ ಹೋಗುವುದೂ ಇಲ್ಲಿಯೇ.

ಮೊದಲು ಮನೆಯವರಿಗೇ 1 ರೂಪಾಯಿ ಕಳಿಸಿ ಅಭ್ಯಾಸ ಮಾಡಿರಿ. ಸಾಧ್ಯವಾದರೆ ಫೋನಿಗೆ ಜೋಡಿಸುವ ಖಾತೆಯಲ್ಲಿ ಕೈಖರ್ಚಿನಷ್ಟೇ ಹಣವಿಡಿರಿ. ಬೆಳೆ ಮಾರಿದ ಹಣ ಬೇರೆ ಖಾತೆಯಲ್ಲಿರಲಿ. ಒಂದು ನಿಯಮವನ್ನು ಎಂದೂ ಮರೆಯಬೇಡಿರಿ: ನಮಗೆ ಹಣ ಬರುವುದಕ್ಕೆ ನಾವು ಪಿನ್ ಒತ್ತಬೇಕಾಗಿಲ್ಲ. "ನಿಮಗೆ ಹಣ ಹಾಕುತ್ತೇವೆ, ಪಿನ್ ಒತ್ತಿರಿ" ಎನ್ನುವವನು ಕಳ್ಳನೇ ಸರಿ.

ಪಿಎಂ ಕಿಸಾನ್ ಹೆಸರಿನಲ್ಲಿ, ಬ್ಯಾಂಕಿನ ಹೆಸರಿನಲ್ಲಿ ವಾಟ್ಸ್ಆ್ಯಪಿಗೆ ಕಡತಗಳು ಬರುವುದುಂಟು. ಹೆಸರಿನ ಕೊನೆಯಲ್ಲಿ ಎಪಿಕೆ ಎಂಬ ಮೂರು ಇಂಗ್ಲಿಷ್ ಅಕ್ಷರ ಇದ್ದರೆ ಅದನ್ನು ಮುಟ್ಟಬೇಡಿರಿ. ಅದನ್ನು ತೆರೆದು ಅನುಮತಿ ಕೊಟ್ಟರೆ ನಿಮಗೆ ಬರುವ ಓಟಿಪಿಯನ್ನು ಎಲ್ಲಿಯೋ ಕುಳಿತವನು ಓದಬಲ್ಲನು. ಕಳಿಸಿದವರು ಪರಿಚಿತರಾಗಿದ್ದರೂ ಮುಟ್ಟಬೇಡಿರಿ. ಅವರ ಫೋನೇ ಕಳ್ಳನ ವಶವಾಗಿರಬಹುದು. ಆ್ಯಪುಗಳನ್ನು ಪ್ಲೇ ಸ್ಟೋರಿನಿಂದ ಮಾತ್ರ ಪಡೆಯಿರಿ. ಪೊಲೀಸರೆಂದು ಹೇಳಿ ವಿಡಿಯೋ ಕರೆಯಲ್ಲಿ "ಡಿಜಿಟಲ್ ಬಂಧನ" ಮಾಡಿದ್ದೇವೆ ಎಂದು ಹೆದರಿಸುವವರೂ ಇದ್ದಾರೆ. ಅಂಥ ಬಂಧನ ನಮ್ಮ ಕಾನೂನಿನಲ್ಲಿಯೇ ಇಲ್ಲ.

ನಮಗೆ ಬರುವುದಿಲ್ಲವೆಂದು ಫೋನನ್ನೂ ಪಿನ್ನನ್ನೂ ಕಂಡವರ ಕೈಗೆ ಕೊಡುವುದು ಸಹಿ ಹಾಕಿದ ಖಾಲಿ ಚೆಕ್ಕು ಕೊಟ್ಟಂತೆ. ಕಲಿಸಿಕೊಡಿರೆಂದು ಕೇಳಿರಿ, ಬೆರಳು ಮಾತ್ರ ನಿಮ್ಮದೇ ಇರಲಿ. ಮನೆಯ ಹೆಣ್ಣುಮಕ್ಕಳಿಗೂ ಇದೇ ರೀತಿ ಕಲಿಸಿರಿ. ಹಾಲಿನ ಲೆಕ್ಕ, ಸಂಘದ ಕಂತು ನೋಡುವವರು ಅನೇಕ ಮನೆಗಳಲ್ಲಿ ಅವರೇ ಅಲ್ಲವೇ?

ಗೋಡೆಗೆ ಬರೆದಿಡಬೇಕಾದವು

1. ಹಣ ಮೋಸವಾದರೆ ಕೂಡಲೇ 1930ಕ್ಕೆ ಕರೆ ಮಾಡಿರಿ. ತಡಮಾಡಿದಷ್ಟೂ ಹಣ ಕೈಮೀರುತ್ತದೆ. ನಾಚಿಕೊಂಡು ಸುಮ್ಮನಿರಬೇಡಿರಿ.

2. ಬೇಸಾಯದ ಸಂದೇಹಗಳಿಗೆ ಕಿಸಾನ್ ಕಾಲ್ ಸೆಂಟರ್: 1800-180-1551. ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ, ಖರ್ಚಿಲ್ಲದೆ, ಕನ್ನಡದಲ್ಲಿ ಕೇಳಬಹುದು. ಇದಕ್ಕೆ ಬಟನ್ ಫೋನೂ ಸಾಕು.

3. ತುರ್ತು ಸಹಾಯಕ್ಕೆ 112.

4. ಹೊಸ ಫೋನಿನಲ್ಲಿ *#06# ಒತ್ತಿದರೆ 15 ಅಂಕೆಗಳ ಸಂಖ್ಯೆ ಬರುತ್ತದೆ. ಎರಡು ಸಿಮ್ಮಿನ ಫೋನಾದರೆ ಇಂಥವು ಎರಡು. ಇವನ್ನು ಬಿಲ್ಲಿನ ಹಿಂದೆ ಬರೆದು ಪೆಟ್ಟಿಗೆಯಲ್ಲಿಡಿರಿ. ಫೋನು ಕಳೆದರೆ ಪೊಲೀಸರಿಗೆ ದೂರು ಕೊಡಲು, ಸರ್ಕಾರದ ಸಂಚಾರ್ ಸಾಥಿಯ ಮೂಲಕ ಅದು ಬೇರೆಯವರಿಗೆ ನಡೆಯದಂತೆ ತಡೆಯಲು ಈ ಸಂಖ್ಯೆಯೇ ಬೇಕು. ಫೋನು ಕೈಯಲ್ಲಿರುವಾಗ ಬರೆದಿಟ್ಟವರಿಗೆ ಮಾತ್ರ ಅದು ಸುಲಭವಾಗಿ ಸಿಗುತ್ತದೆ. ಆದುದರಿಂದ ಈ ಕೆಲಸವನ್ನು ಮೊದಲನೆಯ ದಿನವೇ ಮುಗಿಸಿರಿ.